ಶ್ರೀರಂಗ: 68 ಏಕಾಂಕ ಬರೆದು ಹೊಸಬರನ್ನು ರಂಗಕ್ಕೆ ಹತ್ತಿಸಿದ ಸಂಸ್ಕೃತ ಮೇಷ್ಟ್ರು

ತಳೇಗಾಂವ ದಾಭಾಡೆ (ಪುಣೆ): ಮಳೆಗಾಲ ಶುರುವಾಯಿತೆಂದರೆ ಪುಣೆ ಸುತ್ತಮುತ್ತಲಿನ ಕಾಲೇಜು ಹುಡುಗ ಹುಡುಗಿಯರಿಗೆ ಒಂದೇ ಗುಂಗು, ಏಕಾಂಕ ನಾಟಕ. ಮಹಾರಾಷ್ಟ್ರೀಯ ಕಲೋಪಾಸಕ ಸಂಸ್ಥೆ 1963ರಿಂದ ನಡೆಸುತ್ತಿರುವ ಪುರುಷೋತ್ತಮ ಕರಂಡಕ ಸ್ಪರ್ಧೆಗೆ ತಾಲೀಮು ಆಗಲೇ ಆರಂಭವಾಗಿರುತ್ತದೆ. ಕಾಲೇಜಿನ ಖಾಲಿ ಕೊಠಡಿಗಳಲ್ಲಿ, ಯಾರದೋ ಮನೆಯ ಮಾಳಿಗೆಯ ಮೇಲೆ, ಪಾರ್ಕಿಂಗ್ ಜಾಗದಲ್ಲಿ ರಾತ್ರಿವರೆಗೆ ಮಾತು ಒಪ್ಪಿಸುವ ಸದ್ದು. ಸದಾಶಿವ ಪೇಠೆಯ ಭರತ ನಾಟ್ಯ ಮಂದಿರದಲ್ಲಿ ಒಂದು ಗಂಟೆಯೊಳಗೆ ನಾಟಕ ಮುಗಿಸಿ ಇಳಿಯಬೇಕು. ಮರಾಠಿ ರಂಗಭೂಮಿಯ, ಸಿನಿಮಾದ ಎಷ್ಟೋ ದೊಡ್ಡ ಹೆಸರುಗಳು ಮೊದಲು ಕಾಣಿಸಿದ್ದು ಇಂಥ ಒಂದು ಗಂಟೆಯಲ್ಲೇ.

ಪುಣೆ–ಲೋಣಾವಳಾ ಲೋಕಲ್ ರೈಲಿನ ಹಾದಿಯಲ್ಲಿರುವ ತಳೇಗಾಂವ ದಾಭಾಡೆಯಲ್ಲೂ ಈ ಗಾಳಿ ಇದೆ. ನಾಟಕದ ಚಟುವಟಿಕೆಗೆ ಹೆಸರಾದ ಕಲಾಪಿನಿ ಸಂಸ್ಥೆ ಈ ಊರಿನದೇ. ಊರಿನ ಪಕ್ಕದಲ್ಲಿ ಹರಿಯುವ ಇಂದ್ರಾಯಣಿ ಮುಂದೆ ಹೋಗಿ ಭೀಮಾ ನದಿಯನ್ನು ಸೇರುತ್ತದೆ. ಅದೇ ಭೀಮೆ ಪಂಢರಪುರ ದಾಟಿ, ಸೊಲ್ಲಾಪುರದ ಬದಿಯಿಂದ ಬಂದು ಕರ್ನಾಟಕದ ಇಂಡಿ ತಾಲೂಕನ್ನು ಮುಟ್ಟುತ್ತಾಳೆ. ಅಲ್ಲಿ ನದಿ ದಂಡೆಯ ಮೇಲೊಂದು ಹಳ್ಳಿ, ಅಗರಖೇಡ. ಕನ್ನಡದಲ್ಲಿ ಏಕಾಂಕ ನಾಟಕ ಅಂದ ತಕ್ಷಣ ನೆನಪಾಗುವ ದೊಡ್ಡ ಹೆಸರುಗಳಲ್ಲೊಂದಾದ ಶ್ರೀರಂಗ ಹುಟ್ಟಿದ್ದು ಅದೇ ಅಗರಖೇಡದಲ್ಲಿ. ಓದಲೆಂದು ಅವರು ನದಿಯ ಎದುರು ದಿಕ್ಕಿನಲ್ಲಿ, ಪುಣೆಗೆ ಬಂದರು.

ಶ್ರೀರಂಗರ ಹೆಸರನ್ನು ನಮ್ಮಲ್ಲಿ ಬಹಳ ಜನ ಕೇಳಿದ್ದಾರೆ. ಪಿಯುಸಿಯಲ್ಲೋ ಪದವಿಯಲ್ಲೋ ಒಂದು ಪಾಠವಾಗಿ ಬಂದಿರಬಹುದು, ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಕಾವ್ಯನಾಮ ಹೊಂದಿಸಿ ಬರೆಯುವ ಪ್ರಶ್ನೆಯಾಗಿಯೂ ಬಂದಿರಬಹುದು. ಆದರೆ ಅವರು ಏನು ಮಾಡಿದರು, ಯಾಕೆ ಮಾಡಿದರು ಅನ್ನುವುದು ಆ ಪ್ರಶ್ನೆಯಲ್ಲಿ ಬರುವುದಿಲ್ಲ.

ಜಾಗೀರದಾರ ಹೋಗಿ ಆದ್ಯ ಬಂದದ್ದು

ಹುಟ್ಟಿದ್ದು 1904ರ ಸೆಪ್ಟೆಂಬರ್ 26ರಂದು, ಸಂಪ್ರದಾಯಸ್ಥ ವೈಷ್ಣವ ಮನೆತನದಲ್ಲಿ. ಆಗ ಮನೆತನದ ಅಡ್ಡಹೆಸರು ಜಾಗೀರದಾರ. ಅವರು ಇಂಗ್ಲಿಷಿನಲ್ಲಿ ಬರೆದ ವಿದ್ವತ್ ಪುಸ್ತಕಗಳ ಮೇಲೆ ಈಗಲೂ ಆರ್.ವಿ. ಜಾಗೀರದಾರ ಎಂದೇ ಇದೆ. ಆಮೇಲೆ ಅವರು ಆದ್ಯ ರಂಗಾಚಾರ್ಯ ಆದರು. ನಾಟಕಗಳ ಮೇಲೆ ಮಾತ್ರ ಶ್ರೀರಂಗ. ಒಬ್ಬನೇ ಮನುಷ್ಯನ ಮೂರು ಹೆಸರಿನಿಂದಾಗಿ ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಅವರನ್ನು ಮೂರು ಕಡೆ ಹುಡುಕಬೇಕು. ಈ ಲೇಖನಕ್ಕಾಗಿ ಹುಡುಕುವಾಗ ನನಗೂ ಅದೇ ಆಯಿತು.

ವಿಜಯಪುರ, ಧಾರವಾಡ ಜಿಲ್ಲೆಗಳು ಆಗ ಮುಂಬೈ ಪ್ರಾಂತದಲ್ಲಿದ್ದವು. ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದದ್ದೇ 1917ರಲ್ಲಿ. ಹೆಚ್ಚಿನ ಓದು ಅಂದರೆ ಉತ್ತರ ಕರ್ನಾಟಕದ ಹುಡುಗರಿಗೆ ಪುಣೆಯೇ ಸಹಜ ದಾರಿ. ವಿಜಯಪುರದಲ್ಲಿ ಶಾಲೆ ಮುಗಿಸಿದ ರಂಗಾಚಾರ್ಯರು ಪುಣೆಯ ಡೆಕ್ಕನ್ ಕಾಲೇಜಿಗೆ ಸೇರಿದರು. ಅದು ಮರಾಠಿ ಸಂಗೀತ ನಾಟಕದ ಉಚ್ಛ್ರಾಯದ ಕಾಲ. ಬಾಲಗಂಧರ್ವರು ಸೀರೆ ಉಟ್ಟು ರಂಗಕ್ಕೆ ಬಂದರೆ ಆ ಸೀರೆಯ ಅಂಚು ಮರುದಿನ ಪುಣೆಯ ಹೆಂಗಸರಲ್ಲಿ ಫ್ಯಾಷನ್ ಆಗುತ್ತಿದ್ದ ದಿನಗಳು. ಆ ಸಂಗೀತ ನಾಟಕವನ್ನು 1880ರಲ್ಲಿ ಇದೇ ಪುಣೆಯಲ್ಲಿ ಶುರು ಮಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು ಅನ್ನುವುದನ್ನು ಕನ್ನಡಿಗರು ಆಗಾಗ ನೆನಪು ಮಾಡಿಕೊಳ್ಳುತ್ತಾರೆ.

ಪುಣೆಯಿಂದ ಮುಂದೆ ಲಂಡನ್. ಅಲ್ಲಿನ ಸ್ಕೂಲ್ ಆಫ್ ಓರಿಯಂಟಲ್ ಸ್ಟಡೀಸ್‌ನಲ್ಲಿ ಭಾಷಾಶಾಸ್ತ್ರದ ಕಡೆಗೆ ಒಲಿದ ಸಂಸ್ಕೃತಾಧ್ಯಯನ. ಆ ಲಂಡನ್ನಿನ ರಂಗಮಂದಿರಗಳಲ್ಲಿ ಆಡುತ್ತಿದ್ದದ್ದು ಬೇರೆಯೇ ನಾಟಕ. ಇಬ್ಸೆನ್, ಶಾ, ಗಾಲ್ಸ್‌ವರ್ದಿ. ಒಂದು ಮನೆ, ಒಂದು ಕೋಣೆ, ನಾಲ್ಕೈದು ಜನ ಕೂತು ಮಾತನಾಡುತ್ತಾರೆ. ಹಾಡಿಲ್ಲ, ರಾಜನಿಲ್ಲ, ಬಣ್ಣದ ಪರದೆ ಸುರುಳಿ ಬಿಚ್ಚುವುದಿಲ್ಲ. ಆದರೂ ನೋಡುವವನಿಗೆ ತನ್ನ ಮನೆಯ ಗುಟ್ಟು ಯಾರೋ ಬಯಲು ಮಾಡಿದಂತೆ ಅನಿಸುತ್ತದೆ.

ಇದೇ ದಾರಿಯನ್ನು ಅವರಿಗಿಂತ ಹತ್ತು ಹದಿನೈದು ವರ್ಷ ಮೊದಲು ಇನ್ನೊಬ್ಬರು ತುಳಿದಿದ್ದರು. ಭೂವಿಜ್ಞಾನ ಓದಲು ಲಂಡನ್ನಿಗೆ ಹೋಗಿ ನಾಟಕದ ಹುಚ್ಚು ಹತ್ತಿಸಿಕೊಂಡು ಬಂದ ಟಿ.ಪಿ. ಕೈಲಾಸಂ. ಬೆಂಗಳೂರಿನಲ್ಲಿ ಅವರ ‘ಟೊಳ್ಳುಗಟ್ಟಿ’ ಬಂದ ಹತ್ತು ವರ್ಷದ ನಂತರ, 1928ರಲ್ಲಿ, ಶ್ರೀರಂಗರು ಧಾರವಾಡಕ್ಕೆ ಬಂದು ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾದರು.

ರಾತ್ರಿಯಿಡೀ ನಾಟಕ, ಇಲ್ಲವೇ ಮುಕ್ಕಾಲು ಗಂಟೆ

ಅವರು ಬಂದ ಧಾರವಾಡ ಸೀಮೆಯಲ್ಲಿ ನಾಟಕಕ್ಕೆ ಬರ ಇರಲಿಲ್ಲ. ಮರಾಠಿ ಕಂಪನಿಗಳ ಅಬ್ಬರಕ್ಕೆ ಎದುರಾಗಿ ಗದುಗಿನಲ್ಲಿ ಶಾಂತಕವಿಗಳು ಹತ್ತೊಂಬತ್ತನೇ ಶತಮಾನದಲ್ಲೇ ಕನ್ನಡ ನಾಟಕ ಮಂಡಳಿ ಕಟ್ಟಿದ್ದರು. ಆಮೇಲೆ ಶಿರಹಟ್ಟಿ ವೆಂಕೋಬರಾಯರು, ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು ಒಂದೊಂದು ಕಂಪನಿ ಕಟ್ಟಿ ಊರೂರು ಸುತ್ತಿದರು. ಆ ನಟರ ಕಂಠ, ಆ ಸಂಗೀತ, ಆ ದೃಶ್ಯ ವೈಭವವನ್ನು ಶ್ರೀರಂಗರ ನಾಟಕ ಮೀರಿಸಿತು ಅಂದರೆ ಅದು ತಪ್ಪು ಮಾತು. ಅದರ ಲೆಕ್ಕವೇ ಬೇರೆ ಇತ್ತು.

ಕಂಪನಿ ನಾಟಕದಲ್ಲಿ ನಟನಾಗಬೇಕೆಂದರೆ ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಕಂಪನಿ ಸೇರಬೇಕಿತ್ತು. ಹಾಡು ಬರಬೇಕಿತ್ತು. ವರ್ಷಗಟ್ಟಲೆ ಡೇರೆಯಲ್ಲಿ ಬದುಕಬೇಕಿತ್ತು. ಹಗಲು ಕಾಲೇಜಿಗೆ ಹೋಗುವ ಹುಡುಗ, ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವವನು, ಶಾಲೆಯ ಮಾಸ್ತರ ಇವರಾರೂ ಅಲ್ಲಿ ಕಾಲಿಡುವ ಹಾಗಿರಲಿಲ್ಲ. ಇವರಿಗೆ ಸಿಗುತ್ತಿದ್ದದ್ದು ವರ್ಷಕ್ಕೊಮ್ಮೆ ಬರುವ ಗ್ಯಾದರಿಂಗ್. ಆ ದಿನದ ಒಂದು ಸಂಜೆ. ಸಭೆ, ಭಾಷಣ, ಬಹುಮಾನ ಎಲ್ಲ ಮುಗಿದ ಮೇಲೆ ಉಳಿಯುವ ಒಂದೂವರೆ ಎರಡು ಗಂಟೆ.

ಏಕಾಂಕ ಹೇಳಿ ಮಾಡಿಸಿದಂತೆ ಇದ್ದದ್ದು ಆ ಎರಡು ಗಂಟೆಗೆ. ಒಂದೇ ಜಾಗ, ಒಂದೇ ಹೊತ್ತು, ನಾಲ್ಕರಿಂದ ಏಳು ಪಾತ್ರ. ಪ್ರಿನ್ಸಿಪಾಲರ ಕೋಣೆಯಿಂದ ಎರಡು ಕುರ್ಚಿ, ಹಾಸ್ಟೆಲ್ಲಿನಿಂದ ಒಂದು ಮೇಜು ತಂದರೆ ಅರ್ಧ ರಂಗಸಜ್ಜಿಕೆ ಮುಗಿಯಿತು. ಹಾಡು ಬಾರದವನೂ ನಟನಾಗಬಹುದು, ಮಾತು ನೆಟ್ಟಗೆ ಬಂದರೆ ಸಾಕು. ಒಂದು ಸಂಜೆಗೆ ಎರಡು ಮೂರು ನಾಟಕ ಹಿಡಿಯುತ್ತದೆ. ಅಂದರೆ ಹದಿನೈದು ಇಪ್ಪತ್ತು ಹೊಸ ಮುಖಗಳು ಒಂದೇ ದಿನ ದೀಪದ ಬೆಳಕಿಗೆ ಬರುತ್ತವೆ. ನಾಟಕ ಕೆಟ್ಟರೆ ಕೆಟ್ಟದ್ದು ಮುಕ್ಕಾಲು ಗಂಟೆ ಮಾತ್ರ, ಯಾರ ಮನೆಯೂ ಮುಳುಗುವುದಿಲ್ಲ. ಕಂಪನಿ ಮಾಲೀಕನಿಗಾದರೆ ಒಂದು ನಾಟಕ ಬಿದ್ದರೆ ಸಾಲಗಾರರು ಬಾಗಿಲಿಗೆ ಬರುತ್ತಿದ್ದರು.

ಕಾಲೇಜಿನಲ್ಲಿದ್ದಾಗ ಅಂತರ ಕಾಲೇಜು ಸ್ಪರ್ಧೆಯೊಂದರಲ್ಲಿ ನನಗೂ ಒಂದು ಪಾತ್ರ ಸಿಕ್ಕಿತ್ತು. ಎರಡೇ ಮಾತು. ಬಾಗಿಲು ತೆರೆದು ಬರಬೇಕು, ಸುದ್ದಿ ಹೇಳಬೇಕು, ಹೋಗಬೇಕು. ಬಾಗಿಲಿನ ಚೌಕಟ್ಟೇ ನನ್ನ ಜೊತೆ ಒಳಗೆ ಬಂದುಬಿಟ್ಟಿತು. ಸಭಾಂಗಣ ನಕ್ಕಿತು, ನಾಟಕ ದುಃಖಾಂತವಾಗಿತ್ತು. ಇಂಥ ಅವಘಡಕ್ಕೂ ಜಾಗ ಕೊಡುವ ಪ್ರಕಾರ ಅದು.

ಇಂಥ ಸಂಜೆಗಳಿಗೆ ಬೇಕಿದ್ದದ್ದು ನಾಟಕದ ಪಠ್ಯ. ಕನ್ನಡದಲ್ಲಿ ಅದು ಇರಲಿಲ್ಲ, ಅಥವಾ ಕೈಬೆರಳೆಣಿಕೆಯಷ್ಟಿತ್ತು. ಬೆಂಗಳೂರಿನ ಬ್ರಾಹ್ಮಣ ಮನೆಯ ಇಂಗ್ಲಿಷ್ ಬೆರೆಸಿದ ಕೈಲಾಸಂ ಕನ್ನಡ ಧಾರವಾಡದ ಹುಡುಗರ ಬಾಯಿಗೆ ಅಷ್ಟು ಸುಲಭಕ್ಕೆ ಹೊಂದುತ್ತಿರಲಿಲ್ಲ. ಶ್ರೀರಂಗರು ಬರೆಯತೊಡಗಿದರು. 1930ರಲ್ಲಿ ‘ಉದರ ವೈರಾಗ್ಯ’ ಬಂತು. ಅಲ್ಲಿಂದ ನಿಲ್ಲಲಿಲ್ಲ. ಐವತ್ತು ವರ್ಷಗಳಲ್ಲಿ 47 ದೊಡ್ಡ ನಾಟಕ, 68 ಏಕಾಂಕ. ಜೊತೆಗೆ 12 ಕಾದಂಬರಿ, ಪ್ರಬಂಧ, ವಿಮರ್ಶೆ. ಡೆಸ್ಕಿನಲ್ಲಿ ಕೂತು ದಿನಕ್ಕೆ ಹತ್ತು ಸುದ್ದಿ ತಿದ್ದುವ ನಮ್ಮಂಥವರಿಗೂ ಈ ಲೆಕ್ಕ ದಣಿವು ತರಿಸುತ್ತದೆ.

ಮನೆಯೊಳಗೇ ಕೈ ಹಾಕಿದ ಹರಿಜನ್ವಾರ

ಸಂಸ್ಕೃತ ಪ್ರಾಧ್ಯಾಪಕ, ಆಚಾರ್ಯರ ಮನೆತನ. ಇಂಥವರು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದು ಹಾರ ಹಾಕಿಸಿಕೊಂಡು ಇರಬಹುದಿತ್ತು. ಶ್ರೀರಂಗರು ಆರಿಸಿಕೊಂಡದ್ದು ಬೇರೆ. 1934ರ ‘ಹರಿಜನ್ವಾರ’ ಅಸ್ಪೃಶ್ಯತೆಯ ಬಗ್ಗೆ ಮಾತನಾಡುವ, ಅದರಲ್ಲೂ ಸುಧಾರಣೆಯ ಮಾತನ್ನು ಬಾಯಲ್ಲಿಟ್ಟುಕೊಂಡ ಮೇಲ್ಜಾತಿಯ ಸೋಗನ್ನು ಬಯಲಿಗೆಳೆಯುವ ನಾಟಕ. ಅದೇ ವರ್ಷದ ಆರಂಭದಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಕರ್ನಾಟಕಕ್ಕೆ ಬಂದು ಹೋಗಿದ್ದರು. ಊರಲ್ಲೆಲ್ಲ ಅದೇ ಚರ್ಚೆ. ನಾಟಕ ಆ ಚರ್ಚೆಯನ್ನು ಸಭೆಯ ವೇದಿಕೆಯಿಂದ ಇಳಿಸಿ ಮನೆಯ ಪಡಸಾಲೆಗೆ ತಂದಿತು. ನೋಡಲು ಬಂದವರಲ್ಲಿ ಹೆಚ್ಚಿನವರು ಅಂಥದೇ ಪಡಸಾಲೆಗಳಿಂದ ಎದ್ದು ಬಂದವರು. ಬರೆದವರೂ ಅಲ್ಲಿಯವರೇ. ಇಲ್ಲಿ ಬೈಸಿಕೊಳ್ಳುವ ಧೈರ್ಯ ಬೇಕಿತ್ತು, ಅದು ಅವರಿಗಿತ್ತು.

ಅದೇ ವರ್ಷ ‘ವಿಶ್ವಾಮಿತ್ರನ ಸೃಷ್ಟಿ’ ಕಾದಂಬರಿಯೂ ಬಂತು. ಜಿ.ಬಿ. ಜೋಶಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದ್ದು 1933ರಲ್ಲಿ. ಬೇಂದ್ರೆ, ಶ್ರೀರಂಗ, ಜೋಶಿ ಹೀಗೆ ಒಂದೇ ಊರಿನಲ್ಲಿ, ನಡೆದು ತಲುಪುವ ದೂರದಲ್ಲಿ, ಬರೆಯುವವರು ಮತ್ತು ಅಚ್ಚು ಹಾಕುವವರು ಇದ್ದರು. ಆ ಧಾರವಾಡದ ಬಗ್ಗೆ ಬೇರೆಯೇ ಲೇಖನ ಬರೆಯಬೇಕು.

ಸ್ವಾತಂತ್ರ್ಯ ಬಂದ ಮೇಲೂ ಅವರ ಪೆನ್ನಿನ ಮೊನೆ ಮೊಂಡಾಗಲಿಲ್ಲ. ‘ಶೋಕಚಕ್ರ’ ಎಂಬ ಹೆಸರೇ ಸಾಕು. ಬಾವುಟದ ಅಶೋಕಚಕ್ರದಿಂದ ಒಂದೇ ಒಂದು ಅಕ್ಷರ ಕಿತ್ತರೆ ಆಗುವ ಹೆಸರು. ಗಾಂಧಿಯ ಹೆಸರು ಹೇಳಿ ಅಧಿಕಾರ ಹಿಡಿದವರ ನಡುವೆ ನಿಜವಾದ ಆದರ್ಶವಾದಿ ಏನಾಗುತ್ತಾನೆ ಅನ್ನುವುದು ಅದರ ವಸ್ತು. ಸ್ವಾತಂತ್ರ್ಯ ಬಂದು ಹತ್ತು ವರ್ಷವೂ ಆಗುವ ಮುಂಚೆ ಇದನ್ನು ಬರೆದು ರಂಗಕ್ಕೆ ತಂದದ್ದು ಸಣ್ಣ ಮಾತಲ್ಲ.

ಇನ್ನೊಂದು ಕಡೆ ಓದು ನಡೆದೇ ಇತ್ತು. 1932ರಲ್ಲಿ ಇಂಡೋ ಆರ್ಯನ್ ಭಾಷೆಗಳ ತೌಲನಿಕ ಭಾಷಾಶಾಸ್ತ್ರದ ಬಗ್ಗೆ, 1947ರಲ್ಲಿ ಸಂಸ್ಕೃತ ನಾಟಕದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ. ಭಗವದ್ಗೀತೆಯ ಮೇಲೆ ‘ಗೀತಾ ಗಾಂಭೀರ್ಯ’. ಬೆಳಿಗ್ಗೆ ತರಗತಿಯಲ್ಲಿ ಭಾಸ, ಸಂಜೆ ತಾಲೀಮಿನಲ್ಲಿ ಅಪ್ಪ ಮಗನ ಜಗಳ. ಈ ಎರಡರ ನಡುವೆ ಅವರಿಗೆ ವಿರೋಧ ಕಾಣಿಸಲಿಲ್ಲ. ಭಾಸನೂ ತನ್ನ ಕಾಲದ ನಟರಿಗಾಗಿಯೇ ಬರೆದವನು ಅಲ್ಲವೇ. ಭಾಸನ ಹೆಸರಿನಲ್ಲಿ ಉಳಿದಿರುವ ಊರುಭಂಗ, ಕರ್ಣಭಾರ, ಮಧ್ಯಮವ್ಯಾಯೋಗಗಳು ಒಂದೇ ಅಂಕದ ನಾಟಕಗಳು. ಏಕಾಂಕ ಪಶ್ಚಿಮದಿಂದ ಬಂದದ್ದು ಅನ್ನುವವರಿಗೆ ಉತ್ತರ ಅಲ್ಲೇ ಇದೆ.

ಶಿಬಿರದ ಮೇಷ್ಟ್ರು

ಕಾಲೇಜಿನ ನೌಕರಿಯ ಕಾಲ ಮುಗಿದ ಮೇಲೆ ಶ್ರೀರಂಗರ ಪೂರ್ತಿ ಸಮಯ ನಾಟಕಕ್ಕೇ ಹೋಯಿತು. 1950ರ ದಶಕ ದೇಶದಲ್ಲೇ ಹವ್ಯಾಸಿ ನಾಟಕಕ್ಕೆ ಒಳ್ಳೆಯ ಕಾಲ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಆರಂಭವಾಯಿತು. ಅರ್ಧ ಗಂಟೆಯ ನಾಟಕಕ್ಕೆ ರೇಡಿಯೊ ಇನ್ನೊಂದು ರಂಗವಾಯಿತು. 1954ರಿಂದ ದೆಹಲಿಯಲ್ಲಿ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವಗಳು ಶುರುವಾದವು. ಅಲ್ಲಿ ಏಕಾಂಕಕ್ಕೆಂದೇ ಸ್ಪರ್ಧೆ. ಈಗಲೂ ನಮ್ಮ ವಿಶ್ವವಿದ್ಯಾಲಯಗಳ ಯುವಜನೋತ್ಸವದಲ್ಲಿ ಏಕಾಂಕ, ಪ್ರಹಸನ, ಮೂಕಾಭಿನಯ ಅಂತ ವಿಭಾಗಗಳಿರುವುದು ಅದರದೇ ಮುಂದುವರಿಕೆ.

ಸ್ಪರ್ಧೆ, ಉತ್ಸವ ನಡೆಸುವುದರಲ್ಲಿ ಒಂದು ತೊಂದರೆ ಇದೆ. ನಾಟಕ ಆಡಿಸಿ ಬಹುಮಾನ ಕೊಟ್ಟು ಕಳಿಸಿದರೆ ಹುಡುಗರು ಮುಂದಿನ ವರ್ಷವೂ ಅದೇ ತಪ್ಪು ಮಾಡುತ್ತಾರೆ. ಮಾತು ಗ್ಯಾಲರಿಗೆ ಕೇಳಿಸುವಂತೆ ಹೇಳುವುದು ಹೇಗೆ, ಕೈಗೆ ಏನು ಕೆಲಸ ಕೊಡಬೇಕು, ಇನ್ನೊಬ್ಬ ಮಾತನಾಡುವಾಗ ತಾನೇನು ಮಾಡಬೇಕು, ಇವನ್ನೆಲ್ಲ ಯಾರಾದರೂ ಕಲಿಸಬೇಕು. ದೆಹಲಿಯಲ್ಲಿ ರಾಷ್ಟ್ರೀಯ ನಾಟಕ ಶಾಲೆ ಬಂದದ್ದೇ 1959ರಲ್ಲಿ. ಕರ್ನಾಟಕದ ಸಣ್ಣ ಊರಿನ ಹವ್ಯಾಸಿಗೆ ಅದು ಎಟುಕುವ ಮಾತಲ್ಲ. ಶ್ರೀರಂಗರು ತಾವೇ ಊರೂರಿಗೆ ಹೋಗಿ ಹವ್ಯಾಸಿಗಳಿಗೆ ನಾಟಕ ಶಿಬಿರ ನಡೆಸಿದರು. ಆಗ ಅವರ ವಯಸ್ಸು ಅರವತ್ತರ ಆಸುಪಾಸು. ಆ ವಯಸ್ಸಿನ ಇತರ ಸಾಹಿತಿಗಳು ಅಧ್ಯಕ್ಷತೆ ವಹಿಸುವುದರಲ್ಲಿ ನಿರತರಾಗಿರುತ್ತಾರೆ. ಅಧ್ಯಕ್ಷತೆಯೂ ಅವರಿಗೆ ಬಂದಿತ್ತು ಅನ್ನಿ, ರಾಯಚೂರಿನಲ್ಲಿ ನಡೆದ 38ನೇ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಅವರೇ.

ಶಿಬಿರದ ಕೆಲಸಕ್ಕೆ ಪ್ರಶಸ್ತಿ ಇರುವುದಿಲ್ಲ. ಅದರ ಫಲ ಯಾರ ಹೆಸರಿನಲ್ಲೂ ಜಮೆ ಆಗುವುದಿಲ್ಲ. ಶಿಬಿರಕ್ಕೆ ಬಂದು ಹೋದ ಮಾಸ್ತರ ತನ್ನ ಶಾಲೆಯ ಮಕ್ಕಳಿಗೆ ನಾಟಕ ಆಡಿಸುತ್ತಾನೆ, ಬ್ಯಾಂಕ್ ನೌಕರ ವರ್ಗವಾಗಿ ಹೋದ ಊರಿನಲ್ಲೊಂದು ತಂಡ ಕಟ್ಟುತ್ತಾನೆ. 1970ರ ದಶಕದಲ್ಲಿ ಕರ್ನಾಟಕದ ತುಂಬ ಹವ್ಯಾಸಿ ತಂಡಗಳು ಎದ್ದಾಗ, ಬಿ.ವಿ. ಕಾರಂತರು 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಆಡಿಸಿದಾಗ, ನೋಡಲು ಜನವೂ ಆಡಲು ನಟರೂ ಎಲ್ಲಿಂದಲೋ ಉದುರಿ ಬಂದಿರಲಿಲ್ಲ. ಅದರ ಹಿಂದೆ ಇಂಥ ನೂರಾರು ಸಣ್ಣ ಸಂಜೆಗಳಿದ್ದವು ಎಂಬುದು ನನ್ನ ಎಣಿಕೆ.

ಅರವತ್ತರ ಹೊತ್ತಿಗೆ ಹೊಸಬರಾದರು

ತಮಾಷೆಯೆಂದರೆ, ಹೊಸಬರಿಗೆ ಕಲಿಸುತ್ತ ಶ್ರೀರಂಗರೇ ಹೊಸಬರಾದರು. ಮೂವತ್ತು ವರ್ಷ ಪಡಸಾಲೆಯ ನಾಟಕ ಬರೆದವರು, 1959ರಲ್ಲಿ ‘ಕತ್ತಲೆ ಬೆಳಕು’, 1960ರಲ್ಲಿ ‘ಕೇಳು ಜನಮೇಜಯ’ ಬರೆದರು. ಆಮೇಲೆ ‘ರಂಗಭಾರತ’. ಇವುಗಳಲ್ಲಿ ಪಡಸಾಲೆಯ ನಾಲ್ಕು ಗೋಡೆ ಮಾಯ. ಪಾತ್ರಗಳಿಗೆ ಊರು, ಗೋತ್ರ ಮುಖ್ಯವಲ್ಲ. ನಾಟಕ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುತ್ತದೆ. ಗಿರೀಶ ಕಾರ್ನಾಡರ ‘ಯಯಾತಿ’ ಬಂದದ್ದು 1961ರಲ್ಲಿ, ‘ತುಘಲಕ್’ 1964ರಲ್ಲಿ. ಮಗನ ವಯಸ್ಸಿನ ಹುಡುಗರು ಹೊಸ ನಾಟಕ ಬರೆಯಲು ಹೊರಟ ಹೊತ್ತಿಗೆ ಈ ಹಿರಿಯರು ಅವರಿಗಿಂತ ಎರಡು ಹೆಜ್ಜೆ ಮುಂಚೆಯೇ ಹಳೆಯ ಅಂಗಿ ಕಳಚಿ ನಿಂತಿದ್ದರು. ‘ಕೇಳು ಜನಮೇಜಯ’ವನ್ನು ಕಾರಂತರು ಹಿಂದಿಗೆ ತಂದರು, ‘ಸುನೋ ಜನಮೇಜಯ’ ಎಂಬ ಹೆಸರಿನಲ್ಲಿ ಅದು ಕರ್ನಾಟಕದ ಆಚೆಗೂ ಹೋಯಿತು.

ಎಲ್ಲವೂ ಚೆನ್ನಾಗಿದೆ ಎಂದು ಹೇಳಲಾಗದು. 68 ಏಕಾಂಕಗಳಲ್ಲಿ ಬೇಗ ಬರೆದು ಮುಗಿಸಿದಂತೆ ಕಾಣುವವೂ ಇವೆ. ಪಾತ್ರಗಳು ಒಮ್ಮೊಮ್ಮೆ ಮನುಷ್ಯರಾಗುವುದನ್ನು ಬಿಟ್ಟು ಲೇಖಕರ ವಾದಕ್ಕೆ ವಕೀಲರಾಗಿಬಿಡುತ್ತವೆ. ವ್ಯಂಗ್ಯ ಹೆಚ್ಚಾಗಿ ಕರುಣೆ ಕಡಿಮೆಯಾಗುವುದೂ ಉಂಟು. ಬೇಂದ್ರೆಯವರ ನಾಟಕಗಳಲ್ಲಿ ಸಿಗುವ ಧಾರವಾಡದ ಓಣಿಯ ಮಣ್ಣಿನ ವಾಸನೆ ಇಲ್ಲಿ ಅಷ್ಟಾಗಿ ಸಿಗುವುದಿಲ್ಲ. ಆದರೆ ಆಡಲು ಸುಲಭ, ಕೇಳಲು ಚುರುಕು. ಮೊದಲ ಸಲ ರಂಗ ಹತ್ತುವವನಿಗೆ ಇದಕ್ಕಿಂತ ಹೆಚ್ಚು ಬೇಕೂ ಇಲ್ಲ.

ಗೌರವಗಳು ಒಂದರ ಹಿಂದೊಂದು ಬಂದವು. 1967ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್, 1971ರಲ್ಲಿ ‘ಕಾಳಿದಾಸ’ ಎಂಬ ವಿಮರ್ಶಾ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಭೂಷಣ. ನೂರಕ್ಕೂ ಹೆಚ್ಚು ನಾಟಕ ಬರೆದವರಿಗೆ ಸಾಹಿತ್ಯ ಅಕಾಡೆಮಿ ಸಿಕ್ಕಿದ್ದು ನಾಟಕಕ್ಕಲ್ಲ ಎನ್ನುವುದನ್ನು ಗಮನಿಸಬೇಕು.

ಕೊನೆಯ ಕೆಲಸ

ಶ್ರೀರಂಗರ ಪತ್ನಿ ಶಾರದಾ ಅವರದು ಮರಾಠಿ ಮನೆಮಾತು. ಮಕ್ಕಳ ಕಿವಿಗೆ ಕನ್ನಡ, ಮರಾಠಿ ಎರಡೂ ಬಿದ್ದವು, ಶಾಲೆ ಇಂಗ್ಲಿಷಿನದು. 1938ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮಗಳು ಶಶಿ ದೇಶಪಾಂಡೆ ಇಂಗ್ಲಿಷಿನ ಪ್ರಮುಖ ಕಾದಂಬರಿಕಾರ್ತಿಯಾದರು. ಅವರ ‘ದಟ್ ಲಾಂಗ್ ಸೈಲೆನ್ಸ್’ ಕಾದಂಬರಿಗೆ 1990ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಪ್ಪನ ಬರಹವನ್ನು ಕನ್ನಡದಿಂದ ಇಂಗ್ಲಿಷಿಗೆ ತಂದವರೂ ಅವರೇ. ‘ಸಾಹಿತಿಯ ಆತ್ಮಜಿಜ್ಞಾಸೆ’ ಎಂಬ ಪುಸ್ತಕದಲ್ಲಿ ಶ್ರೀರಂಗರು ತಮ್ಮ ಬರವಣಿಗೆಯ ಬದುಕನ್ನು ತಾವೇ ಹಿಂದಿರುಗಿ ನೋಡಿದ್ದಾರೆ. ಹೆಸರಿನಲ್ಲಿ ಆತ್ಮಕಥೆ ಅನ್ನುವ ಬದಲು ಜಿಜ್ಞಾಸೆ ಅಂದದ್ದೇ ಆ ಮನುಷ್ಯನ ಸ್ವಭಾವಕ್ಕೆ ತಕ್ಕದ್ದು.

ಎಂಬತ್ತರ ಹತ್ತಿರ ಬರುತ್ತ ಅವರು ಕೈಗೆತ್ತಿಕೊಂಡದ್ದು ಭರತನ ನಾಟ್ಯಶಾಸ್ತ್ರ. ಅದನ್ನು ಪೂರ್ತಿ ಕನ್ನಡಕ್ಕೆ ತರುವ ಕೆಲಸ. ಅಷ್ಟರಲ್ಲಿ ಆ ಗ್ರಂಥ ಪಂಡಿತರ ಕೈಯಲ್ಲಿ ಪೂಜೆಯ ಪುಸ್ತಕದಂತಾಗಿತ್ತು. ರಸದ ಬಗ್ಗೆ ಮಾತನಾಡುವವರು ಬೇಕಾದಷ್ಟಿದ್ದರು. ನಾಟಕ ಮಂದಿರದ ಕಂಬ ಎಲ್ಲಿ ಇರಬೇಕು, ನಟ ಕಣ್ಣನ್ನು ಹೇಗೆ ಹೊರಳಿಸಬೇಕು, ಸ್ಪರ್ಧೆಯಲ್ಲಿ ತೀರ್ಪುಗಾರರು ಹೇಗಿರಬೇಕು ಎಂದು ಹೇಳುವ ಅಧ್ಯಾಯಗಳನ್ನು ಓದುವವರು ಕಡಿಮೆ. ಹೌದು, ನಾಟಕ ಸ್ಪರ್ಧೆ ಮತ್ತು ತೀರ್ಪುಗಾರರ ವಿಚಾರ ಭರತನಲ್ಲೇ ಇದೆ. ತೀರ್ಪುಗಾರರ ಬಗ್ಗೆ ಗೊಣಗುವುದು ಈಗಿನ ಹುಡುಗರ ಚಾಳಿ ಮಾತ್ರ ಅಲ್ಲ ಎಂದಾಯಿತು. ಶ್ರೀರಂಗರು ಆ ಗ್ರಂಥವನ್ನು ನಾಟಕ ಆಡುವವರ ಕೈಪಿಡಿಯಾಗಿ ನೋಡಿದರು. ಅರ್ಧ ಶತಮಾನ ತಾಲೀಮು ನಡೆಸಿದವರಿಗೆ ಹಾಗೆ ಕಂಡದ್ದು ಸಹಜ.

ಕನ್ನಡ ಅನುವಾದವನ್ನು ಹೆಗ್ಗೋಡಿನ ಅಕ್ಷರ ಪ್ರಕಾಶನ 1984ರಲ್ಲಿ ಹೊರತಂದಿತು. ಮಲೆನಾಡಿನ ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಅಷ್ಟರಲ್ಲಿ ಹೊಸ ನಟರಿಗೆ ವರ್ಷವಿಡೀ ತರಬೇತಿ ಕೊಡುವ ರಂಗಶಿಕ್ಷಣ ಕೇಂದ್ರವನ್ನೇ ತೆರೆದಿತ್ತು. ಅದೇ ವರ್ಷ ಅಕ್ಟೋಬರ್ 17ರಂದು, ಎಂಬತ್ತು ತುಂಬಿ ಮೂರು ವಾರಗಳಾಗಿದ್ದಾಗ, ಶ್ರೀರಂಗರು ತೀರಿಕೊಂಡರು. ಅವರ ಇಂಗ್ಲಿಷ್ ನಾಟ್ಯಶಾಸ್ತ್ರ ಅಚ್ಚಾದದ್ದು ಅದಕ್ಕೂ ಎರಡು ವರ್ಷ ನಂತರ.

ಅವರು ಪಾಠ ಹೇಳಿದ ಕರ್ನಾಟಕ ಕಾಲೇಜಿನ ಆವರಣದಲ್ಲಿ ಈಗ ಸೃಜನಾ ರಂಗಮಂದಿರವಿದೆ. ಅಲ್ಲಿ ನಾಟಕಗಳಾಗುತ್ತವೆ, ಯುವಜನೋತ್ಸವಗಳ ಸೀಸನ್‌ನಲ್ಲಿ ಊರೂರ ಕಾಲೇಜುಗಳಲ್ಲಿ ಏಕಾಂಕ ಸ್ಪರ್ಧೆಗಳಾಗುತ್ತವೆ. ಪುಣೆಯ ಹುಡುಗರು ಪ್ರತಿ ವರ್ಷ ತಮ್ಮ ನಾಟಕವನ್ನು ತಾವೇ ಬರೆದುಕೊಂಡು ಬರುತ್ತಾರೆ. ನಮ್ಮ ಹುಡುಗರು ಸ್ಪರ್ಧೆಗೆ ಹದಿನೈದು ದಿನ ಇರುವಾಗ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಳ್ಳೆಯ ಏಕಾಂಕ ಇದ್ದರೆ ಕಳಿಸಿ ಎಂದು ಕೇಳುತ್ತಾರೆ, ಪಿಡಿಎಫ್ ಸಿಕ್ಕರೆ ಅದನ್ನೇ ಆಡುತ್ತಾರೆ. ಶ್ರೀರಂಗರ ಏಕಾಂಕಗಳ ಹಳೆಯ ಸಂಪುಟಗಳು ಊರಿನ ದೊಡ್ಡ ಗ್ರಂಥಾಲಯದ ನಾಟಕ ವಿಭಾಗದಲ್ಲಿ ಸಿಗಬಹುದು. ಕ್ಯಾಟಲಾಗಿನಲ್ಲಿ ಶ್ರೀರಂಗ ಎಂದು ಹುಡುಕಿ, ಸಿಗದಿದ್ದರೆ ಆದ್ಯ ಎಂದು, ಅದೂ ಇಲ್ಲದಿದ್ದರೆ ಜಾಗೀರದಾರ ಎಂದು.